ಲೋಹಶೋಧಕ ಯಂತ್ರವೂ ನಮ್ಮ ಹೊಲದ ಚಿನ್ನವೂ

ಮುಂಗಾರಿನ ಮೊದಲ ಮಳೆ ಬಿದ್ದಿತೆಂದರೆ ತುಗ್ಗಲಿ, ಜೊನ್ನಗಿರಿ, ಪೆರವಲಿಯ ಹೊಲಗಳಲ್ಲಿ ಜನ ಬಗ್ಗಿ ನಡೆಯತೊಡಗುತ್ತಾರೆ. ಮಳೆನೀರು ಮೇಲುಮಣ್ಣನ್ನು ಕೊಚ್ಚಿದಾಗ ಎಲ್ಲಿಯಾದರೊಂದು ವಜ್ರದ ಕಲ್ಲು ಮಿನುಗೀತೆಂಬ ಆಸೆ. ಬುತ್ತಿ ಕಟ್ಟಿಕೊಂಡು ಬಂದು ಮರದಡಿಯಲ್ಲಿ, ಗುಡಿಯ ಅಂಗಳದಲ್ಲಿ ಮಲಗಿ ವಾರಗಟ್ಟಲೆ ಹುಡುಕುವವರಿದ್ದಾರೆ. ನಮ್ಮ ಆದವಾನಿ ಸೀಮೆಯವರಿಗೆ ಇದು ಹೊಸದಲ್ಲ. ಆ ದಿನಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿಯೂ ಅಲ್ಲಲ್ಲಿ ಗೈರುಹಾಜರಿಯ ಗುರುತು ಬೀಳುತ್ತದೆ. "ಅವರಪ್ಪನ ಜೊತೆ ಕಲ್ಲು ಆರಿಸಾಕ ಹೋಗ್ಯಾನ್ರಿ ಸಾರ್" ಎಂದು ಪಕ್ಕದ ಹುಡುಗ ಹೇಳುತ್ತಾನೆ. ಈಗ ಇದರೊಂದಿಗೆ ಮತ್ತೊಂದು ಸೇರಿದೆ. ಉದ್ದ ಕೋಲಿನ ತುದಿಗೆ ತಟ್ಟೆಯಂಥದೊಂದನ್ನು ಕಟ್ಟಿದ ಲೋಹಶೋಧಕ ಯಂತ್ರ, ಅಂದರೆ ಮೆಟಲ್ ಡಿಟೆಕ್ಟರ್, ಹಳ್ಳಿಗಳಿಗೂ ಬಂದಿದೆ. ನೆಲದೊಳಗಿನ ಚಿನ್ನದ ಗಟ್ಟಿಯನ್ನು ಅದು ಕೂಗಿ ಹೇಳುತ್ತದೆಂಬ ಮಾತೂ ಬಂದಿದೆ.

ಕನ್ನಡದ ಮೇಷ್ಟರಿಗೆ ಯಂತ್ರದ ಉಸಾಬರಿ ಏಕೆ ಎಂದು ನಗುವವರು ನಗಲಿ. ಯಂತ್ರದೊಡನೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಹಿಡಿದು "ಇದರೊಳಗೆ ಏನು ಬರದಾರ, ಓದಿ ಹೇಳ್ರಿ" ಎಂದು ಬರುವವರು ಬರುವುದು ನಮ್ಮ ಬಳಿಗೇ. ಓದಿ ಹೇಳಿದ್ದೇವೆ. ಹೇಳಿದಷ್ಟೂ ನಮಗೆ ಅನಿಸಿದ್ದು ಒಂದೇ: ಈ ಯಂತ್ರದ ಬಗ್ಗೆ ತಿಳಿದವನು ಸಾಲ ಮಾಡಿ ಇದನ್ನು ಕೊಳ್ಳುವುದಿಲ್ಲ.

ಇದರ ಗುಟ್ಟು ಭೌತಶಾಸ್ತ್ರದಲ್ಲಿಯೇ ಇದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತ ಪ್ರೇರಣೆಯೇ ಇದಕ್ಕೆ ಮೂಲ. ತಟ್ಟೆಯೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹಿಂದುಮುಂದಾಗಿ ಹರಿದರೆ ಸುತ್ತಲಿನ ಕಾಂತಕ್ಷೇತ್ರವೂ ಹಾಗೆಯೇ ಬದಲಾಗುತ್ತಿರುತ್ತದೆ. ಅದರ ಅಳವಿನೊಳಗೆ ಲೋಹದ ತುಂಡೊಂದು ಬಂದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ಸಣ್ಣ ಪ್ರವಾಹ ಏಳುತ್ತದೆ. ಆ ಪ್ರವಾಹ ಹುಟ್ಟಿಸುವ ಕ್ಷೇತ್ರವನ್ನು ಯಂತ್ರ ಹಿಡಿದು ನಮ್ಮ ಕಿವಿಗೆ ಸದ್ದಾಗಿ ಮುಟ್ಟಿಸುತ್ತದೆ. ಇಷ್ಟೇ ಅದರ ವಿದ್ಯೆ. ಚಿನ್ನವೆಂದರೇನೆಂದು ಅದಕ್ಕೆ ಗೊತ್ತಿಲ್ಲ. ಸೋಡಾ ಬಾಟಲಿಯ ಮುಚ್ಚಳ, ಎತ್ತಿನ ಲಾಳ, ಮುರಿದ ನೇಗಿಲ ಗುಳ, ಅಜ್ಜಿಯ ಮೂಗುತಿ, ಎಲ್ಲಕ್ಕೂ ಅದು ಕೂಗುತ್ತದೆ. ಕೂಗದಿರುವುದು ವಜ್ರಕ್ಕೆ! ವಜ್ರ ಲೋಹವಲ್ಲ, ಇಂಗಾಲ. ವಿದ್ಯುತ್ತು ಅದರಲ್ಲಿ ಹರಿಯುವುದಿಲ್ಲ. ಜೊನ್ನಗಿರಿಯ ಹೊಲಕ್ಕೆ ವಜ್ರ ಹುಡುಕಲು ಈ ಯಂತ್ರ ಹೊತ್ತು ಹೋಗುವವನಿಗಿಂತ ಬರಿಗಣ್ಣಿನಿಂದ ನೋಡುತ್ತ ನಡೆಯುವ ಮುದುಕಿಯೇ ಮೇಲು.

ಯಂತ್ರ ಸರಿಯಿದ್ದರೂ ಸುತ್ತಲಿನದನ್ನು ನೋಡಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಮಕ್ಕಳು ಓದಬೇಕಾದ ಕಥೆಯೊಂದಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಗುಂಡು ಮೈಯಲ್ಲಿ ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ಕಟ್ಟಿಕೊಂಡು ಬಂದನು. ಬೇರೆಡೆ ಪರೀಕ್ಷೆಯಲ್ಲಿ ಚೆನ್ನಾಗಿ ನಡೆದ ಯಂತ್ರ ಅಧ್ಯಕ್ಷನ ಮಂಚದ ಬಳಿ ಗೊಂದಲದ ಸದ್ದು ಮಾಡಿತು. ಹಾಸಿಗೆಯಡಿ ಉಕ್ಕಿನ ತಂತಿಗಳಿದ್ದವು. ಸಾಲದ್ದಕ್ಕೆ ಮುಖ್ಯ ವೈದ್ಯನು ಗುಂಡು ಬಲಗಡೆಯಲ್ಲಿದೆಯೆಂದು ನಂಬಿ ಬಲಗಡೆಯನ್ನೇ ಹುಡುಕಿಸಿದನು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡನು. ಇಲ್ಲಿದೆಯೆಂದು ಮೊದಲೇ ನಿಶ್ಚಯಿಸಿಕೊಂಡು ಅಲ್ಲಿಯೇ ಹುಡುಕುವ ಈ ಚಾಳಿ ನಮ್ಮ ನಿಧಿಶೋಧಕರಲ್ಲಿಯೂ ಧಾರಾಳವಾಗಿದೆ.

ಈಗ ಯಂತ್ರವನ್ನು ಹೊಂದಿಸುವ ಮಾತು. ನಮ್ಮ ಬಳಿ ಬರುವವರು ಗುಂಡಿ ಒತ್ತಿದೊಡನೆ ಹೊಲಕ್ಕೆ ಇಳಿಯಬೇಕೆನ್ನುತ್ತಾರೆ. ಹಾಗಾಗದು. ಮೊದಲು ಕೈಗಡಿಯಾರ, ಬೀಗದ ಕೈ, ಜೇಬಿನ ಫೋನು, ಕಬ್ಬಿಣದ ಮೊಳೆಯಿರುವ ಚಪ್ಪಲಿ ಇವನ್ನೆಲ್ಲ ದೂರವಿಡಬೇಕು. ವಿದ್ಯುತ್ ತಂತಿಯ ಕೆಳಗೆ ನಿಲ್ಲಬಾರದು. ಯಂತ್ರ ಚಾಲೂ ಮಾಡಿ, ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟು ಸಣ್ಣ ಸದ್ದು ಎಡೆಬಿಡದೆ ಕೇಳುವಂತೆ ಇಟ್ಟುಕೊಳ್ಳಬೇಕು. ಹಾಡುಗಾರನಿಗೆ ತಂಬೂರಿಯ ಶ್ರುತಿ ಹೇಗೋ ಇದೂ ಹಾಗೆ. ಆ ಶ್ರುತಿ ಸ್ವಲ್ಪ ಕದಲಿದರೂ ಕಿವಿಗೆ ತಿಳಿಯಬೇಕು, ಏಕೆಂದರೆ ಸಾಸಿವೆಯಷ್ಟು ಚಿನ್ನ ಕೂಗುವುದಿಲ್ಲ, ಪಿಸುಗುಟ್ಟುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ನೆಲದೊಡನೆ ಹೊಂದಿಸುವುದು. ನೆಲವೂ ಸುಮ್ಮನಿರುವುದಿಲ್ಲ. ನಮ್ಮ ಮಸಾರಿ ಹೊಲದ ಕೆಂಪು ಕಬ್ಬಿಣದ್ದೇ ಬಣ್ಣ. ಕಾಂತಗುಣವುಳ್ಳ ಕಬ್ಬಿಣದ ಕಣಗಳು ಮಣ್ಣಿನಲ್ಲಿದ್ದರೆ ಯಂತ್ರಕ್ಕೆ ಅವೂ ಒಂದು ಸದ್ದು. ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಮೊಣಕಾಲಿನ ಎತ್ತರದಿಂದ ನೆಲದ ಹತ್ತಿರಕ್ಕೆ ಇಳಿಸುತ್ತ ಏರಿಸುತ್ತ, ಇಳಿಸಿದಾಗಲೂ ಏರಿಸಿದಾಗಲೂ ಶ್ರುತಿ ಒಂದೇ ಆಗುವವರೆಗೆ ಗುಂಡಿ ತಿರುಗಿಸಬೇಕು. ಮಸಾರಿಯಿಂದ ಎರೆ ಹೊಲಕ್ಕೆ ಕಾಲಿಟ್ಟರೆ ಮತ್ತೆ ಮೊದಲಿನಿಂದ. ಸೂಕ್ಷ್ಮತೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಆಳದವರೆಗೆ ಕಾಣುತ್ತದೆಂಬುದು ಹಲವರ ಭ್ರಮೆ. ಹಾಗೆ ಮಾಡಿದರೆ ಯಂತ್ರ ಕಾರಣವಿಲ್ಲದೆ ವಟಗುಟ್ಟುತ್ತದೆ. ವಟಗುಟ್ಟು ನಿಲ್ಲುವವರೆಗೆ ಹಿಂದಕ್ಕೆ ತರಬೇಕು. ಕಬ್ಬಿಣವನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಕೂಗುವಂತೆ ಮಾಡುವ ಸೌಕರ್ಯವೂ ಇದೆ. ಆದರೆ ಸಣ್ಣ ಚಿನ್ನದ ಸದ್ದು ಸಿಗರೇಟು ಡಬ್ಬಿಯ ಬೇಗಡೆಯ ಸದ್ದಿನಂತೆಯೇ ಇರುವುದುಂಟು. ಕೆಟ್ಟ ನೆಲದಲ್ಲಿ ಮೊಳೆಯ ಸದ್ದಿನಂತೆಯೂ ಕೇಳೀತು. ಆದುದರಿಂದ ಚಿನ್ನ ಹುಡುಕುವ ಅನುಭವಿಗಳು ಆ ಸೌಕರ್ಯವನ್ನು ನಂಬದೆ, ಕೂಗಿದಲ್ಲೆಲ್ಲ ಅಗೆಯುತ್ತಾರೆ. ಕೊನೆಗೆ ಒಂದು ಸೀಸದ ಗುಂಡನ್ನು ಎರಡು ಮೂರು ಅಂಗುಲ ಆಳಕ್ಕೆ ಹೂತು ಕೇಳಿಸುತ್ತದೆಯೇ ಎಂದು ನೋಡಬೇಕು. ಕಾಳಿನಷ್ಟು ಚಿನ್ನವಾದರೆ ಅದರ ಅಳವು ಕೆಲವೇ ಅಂಗುಲ. "ಇಪ್ಪತ್ತು ಅಡಿ ಆಳದ ಚಿನ್ನ ತೋರಿಸುತ್ತದೆ" ಎಂದು ಮಾರುವವರ ಮಾತಿಗೂ ಈ ಸತ್ಯಕ್ಕೂ ಇರುವ ಅಂತರ ಪೋಷಕರೇ ಅಳೆದುಕೊಳ್ಳಲಿ.

ಹಾಗಾದರೆ ಇದರಿಂದ ಯಾರಿಗೂ ಚಿನ್ನ ಸಿಕ್ಕಿಲ್ಲವೇ? ಸಿಕ್ಕಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ 1980ರಲ್ಲಿ ಕಿಂಗೋವರ್ ಎಂಬಲ್ಲಿ ಕೆವಿನ್ ಹಿಲಿಯರ್ ಎಂಬವರು ಲೋಹಶೋಧಕದಿಂದ 27 ಕೆ.ಜಿ. ತೂಕದ ಗಟ್ಟಿಯೊಂದನ್ನು ಕಂಡುಹಿಡಿದರು. ಅದಕ್ಕೆ 'ಹ್ಯಾಂಡ್ ಆಫ್ ಫೇತ್' ಎಂದು ಹೆಸರಾಯಿತು. ಅದೇ ಪ್ರಾಂತದ ಮೋಲಿಯಾಗುಲ್‌ನಲ್ಲಿ 1869ರಲ್ಲಿ ಯಾವ ಯಂತ್ರವೂ ಇಲ್ಲದೆ ಸುಮಾರು 72 ಕೆ.ಜಿ. ಚಿನ್ನದ ಗಟ್ಟಿ ಒಂದೆರಡು ಅಂಗುಲದಡಿಯಲ್ಲಿಯೇ ಸಿಕ್ಕಿತ್ತು. ತೂಗುವ ತಕ್ಕಡಿಯಿಲ್ಲದೆ ಅದನ್ನು ಒಡೆಯಬೇಕಾಯಿತಂತೆ! ಅಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಮೇಲುಮಣ್ಣಿನಲ್ಲಿ ಬಿದ್ದಿದೆ. ಸರ್ಕಾರವೇ ಶುಲ್ಕ ಪಡೆದು ಹುಡುಕುವ ಪರವಾನಗಿಯನ್ನೂ ಕೊಡುತ್ತದೆ.

ನಮ್ಮ ಚಿನ್ನದ ಸ್ವಭಾವವೇ ಬೇರೆ. ಕೋಲಾರ, ಹಟ್ಟಿ, ಅನಂತಪುರ ಸೀಮೆಯ ರಾಮಗಿರಿ, ಇತ್ತ ಜೊನ್ನಗಿರಿ, ಎಲ್ಲೆಡೆಯೂ ಅದು ಬಹುಪಾಲು ಬಿಳಿಗಲ್ಲಿನ ಪದರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿದೆ. ಒಂದು ಟನ್ ಕಲ್ಲನ್ನು ಹಿಟ್ಟು ಮಾಡಿದರೆ ಕೆಲವು ಗ್ರಾಂ ದೊರಕಿದರೆ ದೊಡ್ಡದು. ಕೋಲಾರದಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಸುಮಾರು 120 ವರ್ಷ ದುಡಿದರು. 2001ರಲ್ಲಿ ಗಣಿ ಮುಚ್ಚಿತು. ಅಂಥ ಕಣಗಳಿಗೆ ಕೈಯಲ್ಲಿ ಹಿಡಿಯುವ ಯಂತ್ರ ಕಿವುಡು. ಅಶೋಕನ ಶಾಸನದಲ್ಲಿ ಬರುವ ಸುವರ್ಣಗಿರಿ ಈ ಜೊನ್ನಗಿರಿಯೇ ಎನ್ನುವ ವಿದ್ವಾಂಸರಿದ್ದಾರೆ, ಅಲ್ಲವೆನ್ನುವವರೂ ಇದ್ದಾರೆ. ಹೌದೆಂದೇ ಇಟ್ಟುಕೊಂಡರೂ ಹೆಸರಿನಲ್ಲಿರುವ ಸುವರ್ಣ ಹೊಲದ ಮೇಲೆ ಬಿದ್ದಿರುವುದಿಲ್ಲ. ಇಲ್ಲಿ ಯಂತ್ರ ಹಿಡಿದವನದು ಬೆಟ್ಟ ಅಗೆದು ಇಲಿ ಹಿಡಿದ ಕಥೆಯೇ.

ಚಿನ್ನದ ಗಟ್ಟಿ ಸಿಗದೆಂದು ತಿಳಿದ ಮೇಲೆ ಕೆಲವರು ಯಂತ್ರವನ್ನು ಹಾಳುಗುಡಿಗಳತ್ತ ತಿರುಗಿಸುತ್ತಾರೆ. ನಮಗೆ ಹೆಚ್ಚು ನೋವಾಗುವುದು ಇಲ್ಲಿ. ನಂದಿಯ ಹೊಟ್ಟೆ ಒಡೆದದ್ದನ್ನು, ಲಿಂಗ ಕಿತ್ತು ಪೀಠದಡಿ ಗುಂಡಿ ತೋಡಿದ್ದನ್ನು ಈ ಸೀಮೆಯವರು ಕಂಡಿದ್ದಾರೆ. ಕನ್ನಡದ ಶಾಸನಕಲ್ಲುಗಳು ಇಲ್ಲಿನ ಊರೂರಲ್ಲಿವೆ. ಈ ಮಣ್ಣಿನಲ್ಲಿ ನಮ್ಮ ನುಡಿ ಎಷ್ಟು ಹಳೆಯದೆಂದು ಹೇಳುವ ಸಾಕ್ಷಿಗಳು ಅವು. ಮುರಿದರೆ ಮತ್ತೆ ಕೆತ್ತಿಸಲಾಗದು. ಕಾನೂನೂ ಸುಮ್ಮನಿಲ್ಲ. 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾ ಕಲೆಕ್ಟರರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆಮನೆಯೂ ಆದೀತು. ಪರವಾನಗಿಯಿಲ್ಲದೆ ಖನಿಜ ಶೋಧಿಸುವುದನ್ನು 1957ರ ಗಣಿ ಕಾಯಿದೆ ತಡೆಯುತ್ತದೆ.

ಬಡವರಿಗೆ ಆಸೆಯಿರಬಾರದೆಂದು ನಾವು ಹೇಳುತ್ತಿಲ್ಲ. ಮಳೆ ಕೈಕೊಟ್ಟ ವರ್ಷ, ಕಡಲೆಕಾಯಿ ಬೀಜದ ಸಾಲವೂ ತೀರದಿದ್ದಾಗ, ಹೊಲದಲ್ಲೊಂದು ಕಲ್ಲು ಹೊಳೆಯಲಿ ಎಂದು ಯಾರಿಗೆ ಅನ್ನಿಸದು? ಆದರೆ ಕಲ್ಲು ಆರಿಸಲು ಹೋದವನು ಕಳೆದುಕೊಳ್ಳುವುದು ನಾಲ್ಕು ದಿನದ ಕೂಲಿ. ಯಂತ್ರ ಕೊಂಡವನು ಕಳೆದುಕೊಳ್ಳುವುದು ಒಂದು ಜೊತೆ ಎತ್ತಿನ ಬೆಲೆ, ಕೆಲವೊಮ್ಮೆ ಮಗಳ ಕಾಲೇಜಿನ ಎರಡು ವರ್ಷ.

ಈಗಾಗಲೇ ಕೊಂಡವರಿದ್ದರೆ ಅವರಲ್ಲಿ ನಮ್ಮದೊಂದು ಕೋರಿಕೆ. ಯಾವುದಾದರೊಂದು ಶನಿವಾರ ಮಧ್ಯಾಹ್ನ ಯಂತ್ರವನ್ನು ಶಾಲೆಗೆ ತನ್ನಿ. ಆಟದ ಮೈದಾನದ ಮೂಲೆಯಲ್ಲಿ ಒಂದು ಮೊಳೆ, ಒಂದು ರೂಪಾಯಿ ನಾಣ್ಯ, ಒಂದು ಬೇಗಡೆ ಚೂರು, ಒಂದು ಸೀಸದ ಗುಂಡನ್ನು ಬೇರೆಬೇರೆ ಆಳದಲ್ಲಿ ಹೂತಿಡೋಣ. ಯಾವುದಕ್ಕೆ ಎಂಥ ಸದ್ದು, ಎಷ್ಟು ಅಂಗುಲದವರೆಗೆ ಎಂದು ಮಕ್ಕಳು ಅಳೆದು ಪಟ್ಟಿ ಮಾಡಲಿ. ತಾಮ್ರದ ತಂತಿ ಸುತ್ತಿ ಚಿಕ್ಕದೊಂದು ಸುರುಳಿ ಮಾಡುವುದನ್ನು ವಿಜ್ಞಾನದ ಉಪಾಧ್ಯಾಯರು ತೋರಿಸಿಕೊಡಲು ಒಪ್ಪಿದ್ದಾರೆ. ಮಕ್ಕಳು ಮಾಡಿದ ಆ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ.