ಯಂತ್ರ ಹೇಳಿದ್ದೇ ಅಂತಿಮವಾದರೆ ಅಹವಾಲು ಕೇಳುವವರು ಯಾರು?

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 2025ರ ಜುಲೈನಲ್ಲಿ ₹29 ಲಕ್ಷ ಜಿಎಸ್‌ಟಿ ಕಟ್ಟುವಂತೆ ನೋಟಿಸ್ ಬಂದದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ನಡೆದ ₹1.63 ಕೋಟಿ ವಹಿವಾಟನ್ನು ಕೂಡಿ ಲೆಕ್ಕ ತೆಗೆದ ವ್ಯವಸ್ಥೆಗೆ, ತಾಜಾ ತರಕಾರಿಗೆ ತೆರಿಗೆಯೇ ಇಲ್ಲವೆಂಬ ಸರಳ ಸಂಗತಿ ಕಾಣಿಸಲಿಲ್ಲ. ಇಂಥ ನೋಟಿಸುಗಳು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳ ಕೈಸೇರಿದವು. ಕೆಲವೇ ದಿನಗಳಲ್ಲಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿಯವರೇ ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಭರವಸೆ ನೀಡಬೇಕಾಯಿತು. ತೆರಿಗೆ ಜಾಲವನ್ನು ಹಿಗ್ಗಿಸಲು ಹೊರಟ ಕ್ರಮವು, ಹತ್ತು ವರ್ಷಗಳಿಂದ ಸರ್ಕಾರವೇ ಬೆಳೆಸಿದ ಡಿಜಿಟಲ್ ಪಾವತಿಯ ಮೇಲಿನ ನಂಬಿಕೆಯನ್ನೇ ಅಲ್ಲಾಡಿಸಿತು.

ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಉದ್ದೇಶಪೂರ್ವಕ ಕ್ರಿಯೆಗಳಿಂದ ಹುಟ್ಟುವ ಅನಿರೀಕ್ಷಿತ ಪರಿಣಾಮಗಳ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1936ರಷ್ಟು ಹಿಂದೆಯೇ ಬರೆದಿದ್ದರು. ಅಂದು ಒಬ್ಬ ಅಧಿಕಾರಿಯ ತಪ್ಪು ಒಂದು ಹಳ್ಳಿಗೆ ತಟ್ಟುತ್ತಿತ್ತು. ಇಂದು ಒಂದು ತಂತ್ರಾಂಶದ ತಪ್ಪು ಒಂದೇ ರಾತ್ರಿಯಲ್ಲಿ ಇಡೀ ರಾಜ್ಯಕ್ಕೆ ತಟ್ಟುತ್ತದೆ. ಕೃತಕ ಬುದ್ಧಿಮತ್ತೆ ನಮ್ಮ ಕಚೇರಿ, ಬ್ಯಾಂಕು, ಸಹಕಾರ ಸಂಘಗಳ ಒಳಗೆ ಕಾಲಿಡುತ್ತಿರುವ ಈ ಹೊತ್ತಿನಲ್ಲಿ ಯೋಚಿಸಬೇಕಾದ ವಿಷಯವಿದು.

ಈ ತಂತ್ರಜ್ಞಾನದ ಕುರಿತ ನಮ್ಮ ಚರ್ಚೆ ಬಹುಪಾಲು ಬೆಂಗಳೂರಿನ ಐಟಿ ಕಂಪನಿಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ: ಎಷ್ಟು ಉದ್ಯೋಗ ಹೋಗುತ್ತದೆ, ಎಷ್ಟು ಹೊಸದಾಗಿ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ಆದರೆ ಗದಗ-ಬೆಟಗೇರಿಯ ನೇಕಾರನಿಗೆ, ಲಕ್ಷ್ಮೇಶ್ವರದ ಹೆಸರು ಬೆಳೆಗಾರನಿಗೆ, ಶಿರಹಟ್ಟಿಯ ಕೂಲಿಕಾರ ಮಹಿಳೆಗೆ, ಮುಂಡರಗಿಯ ಅಂಗನವಾಡಿ ಕಾರ್ಯಕರ್ತೆಗೆ ಇದು ಎದುರಾಗುವ ಬಗೆಯೇ ಬೇರೆ. ಅವರು ಅದನ್ನು ಕೊಂಡವರಲ್ಲ, ಬೇಡಿದವರೂ ಅಲ್ಲ. ವಿಮೆ, ಪಡಿತರ, ಪೌಷ್ಟಿಕ ಆಹಾರ, ಸಾಲ ಎಂಬ ಬಾಗಿಲುಗಳಲ್ಲಿ ಅದು ಅವರಿಗೆ ದ್ವಾರಪಾಲಕನಾಗಿ ಎದುರು ನಿಲ್ಲುತ್ತದೆ. ನೌಕರಿ ಹೋಗುವ ಭಯಕ್ಕಿಂತ, ತನ್ನ ಮಾತು ಕೇಳುವವರೇ ಇಲ್ಲದಂತಾಗುವ ಭಯ ಇಲ್ಲಿ ದೊಡ್ಡದು.

ಹೊಲ ಮತ್ತು ಕ್ಯಾಮೆರಾ

ಬೆಳೆ ವಿಮೆಯನ್ನೇ ನೋಡೋಣ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ಅಂದಾಜಿಗೆ ಬೆಳೆ ಕಟಾವು ಪ್ರಯೋಗವೇ ಆಧಾರವಾಗಿತ್ತು. ಅದರಲ್ಲಿ ವಿಳಂಬ, ಒತ್ತಡ, ಕೈಚಳಕ ಎಲ್ಲವೂ ಇದ್ದವು. ಆದ್ದರಿಂದ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಆಧಾರಿತ ಅಂದಾಜಿಗೂ ಕನಿಷ್ಠ ಶೇ 30ರಷ್ಟು ತೂಕ ಕೊಡುವ ‘ಯೆಸ್-ಟೆಕ್’ ವ್ಯವಸ್ಥೆ ಜಾರಿಗೆ ಬಂತು. ಮರುವರ್ಷ ಸೋಯಾಬೀನ್ ಸೇರಿತು. ಬೆಳೆಯ ಚಿತ್ರಗಳನ್ನು ಹಂತಹಂತವಾಗಿ ತೆಗೆದು ಕೃತಕ ಬುದ್ಧಿಮತ್ತೆಯಿಂದ ವಿಶ್ಲೇಷಿಸುವ ‘ಕ್ರಾಪಿಕ್’ ಎಂಬ ಕಾರ್ಯಕ್ರಮವನ್ನು 2025ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಪ್ರಕಟಿಸಿತು. ಉದ್ದೇಶ ಒಳ್ಳೆಯದೇ: ಪರಿಹಾರ ಬೇಗ ಸಿಗಲಿ, ಮಧ್ಯವರ್ತಿಗಳ ಕೈವಾಡ ತಪ್ಪಲಿ.

ಆದರೆ ಗದಗ ಸೀಮೆಯ ಎರೆಹೊಲದ ಸ್ವಭಾವ ಭತ್ತದ ಗದ್ದೆಯದಲ್ಲ. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದರ ಹಿಂದೊಂದು ಬರುವಂತೆ ಬೆಳೆಯುವ ರೂಢಿ ಇಲ್ಲಿಯದು. ಉಳ್ಳಾಗಡ್ಡಿ ಕಿತ್ತ ಮೇಲೆ ಮೆಣಸಿನ ಗಿಡ ಹರಡಿಕೊಳ್ಳುತ್ತದೆ, ಮೆಣಸಿನಕಾಯಿ ಮುಗಿಯುವ ಹೊತ್ತಿಗೆ ಹತ್ತಿ ಕೈಗೆ ಬರುತ್ತದೆ. ಜುಲೈನಲ್ಲಿ ತೆಗೆದ ಚಿತ್ರಕ್ಕೂ ಡಿಸೆಂಬರಿನಲ್ಲಿ ತೆಗೆದ ಚಿತ್ರಕ್ಕೂ ಸಂಬಂಧವೇ ಇಲ್ಲದಂತೆ ತೋರಬಹುದು. ಒಂದು ಸರ್ವೆ ನಂಬರಿಗೆ ಒಂದು ಬೆಳೆ ಎಂದು ಕಲಿತ ಯಂತ್ರ ಇಂಥ ಹೊಲವನ್ನು ಕಂಡು ಏನೆನ್ನಬೇಕು?

ಈ ಆತಂಕ ಕೇವಲ ಕಲ್ಪನೆಯದಲ್ಲ. ವಿಮೆಗೆ ನೋಂದಾಯಿಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ಅರ್ಜಿಗಳು ತಿರಸ್ಕೃತವಾಗುವುದು ಉತ್ತರ ಕರ್ನಾಟಕದ ರೈತರಿಗೆ ಚಿರಪರಿಚಿತ. ರೈತರೇ ತಮ್ಮ ಬೆಳೆ ದಾಖಲಿಸುವ ಅವಕಾಶವನ್ನು 2020ರಲ್ಲಿ ರಾಜ್ಯ ಸರ್ಕಾರ ಕಲ್ಪಿಸಿತು. ದಾಖಲಾದ ಬೆಳೆಗೆ ಆಕ್ಷೇಪ ಸಲ್ಲಿಸಲು ‘ಬೆಳೆ ದರ್ಶಕ್’ ಆ್ಯಪ್ ಕೂಡ ಇದೆ. ಆದರೆ ಆಕ್ಷೇಪ ಸಲ್ಲಿಸಬೇಕಾದರೆ ಮೊದಲು ತಪ್ಪಾಗಿದೆಯೆಂದು ಗೊತ್ತಾಗಬೇಕಲ್ಲ? ಅದು ಹೆಚ್ಚಿನವರಿಗೆ ತಿಳಿಯುವುದು ಪಕ್ಕದ ಹೊಲದವನ ಖಾತೆಗೆ ಪರಿಹಾರ ಬಂದು ತನ್ನ ಖಾತೆ ಖಾಲಿ ಉಳಿದಾಗ.

ಇನ್ನೂ ಸೂಕ್ಷ್ಮವಾದ ಅಪಾಯವೊಂದಿದೆ. ಮಿಶ್ರ ಬೆಳೆ ಯಂತ್ರಕ್ಕೆ ಅರ್ಥವಾಗುವುದಿಲ್ಲವೆಂದು ಒಮ್ಮೆ ಮನವರಿಕೆಯಾದರೆ ರೈತ ಯಂತ್ರವನ್ನು ತಿದ್ದುವುದಿಲ್ಲ, ತನ್ನ ಹೊಲವನ್ನೇ ತಿದ್ದುತ್ತಾನೆ. ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಒಂದೇ ಬೆಳೆಗೆ ಹೊರಳುತ್ತಾನೆ. ಮಳೆ ಕೈಕೊಟ್ಟಾಗ ಒಂದು ಹೋದರೆ ಇನ್ನೊಂದು ಉಳಿಯಲಿ ಎಂದು ಹಿರಿಯರು ರೂಪಿಸಿದ ಮಿಶ್ರ ಬೇಸಾಯವೇ ಒಂದು ವಿಮೆ. ಕಾಗದದ ವಿಮೆಗಾಗಿ ಮಣ್ಣಿನ ವಿಮೆಯನ್ನು ಕಳೆದುಕೊಂಡರೆ ಆ ನಷ್ಟ ಯಾವ ಇಲಾಖೆಯ ಲೆಕ್ಕದಲ್ಲಿಯೂ ಬರುವುದಿಲ್ಲ. ಅನಿರೀಕ್ಷಿತ ಪರಿಣಾಮವೆಂದರೆ ಇದೇ. ಅದು ದೋಷವಾಗಿ ಕಾಣಿಸಿಕೊಳ್ಳದೆ ಜನರ ನಡವಳಿಕೆಯ ಬದಲಾವಣೆಯಾಗಿ ಮೆಲ್ಲನೆ ಒಳಸೇರುತ್ತದೆ.

ಮುಖ ತೋರಿಸಿದರೂ ಸಾಲದು

2025ರ ಜುಲೈ 1ರಿಂದ ಅಂಗನವಾಡಿಗಳಲ್ಲಿ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಗರ್ಭಿಣಿ, ಬಾಣಂತಿಯರ ಮುಖ ಹೊಂದಿಕೆಯಾಗದ ದಿನ, ನೆಟ್‌ವರ್ಕ್ ಸಿಗದ ದಿನ, ಎದುರಿಗೆ ನಿಂತ ತಾಯಿಗೆ ಉತ್ತರ ಹೇಳಬೇಕಾದವಳು ಅಲ್ಪ ಗೌರವಧನದ ಕಾರ್ಯಕರ್ತೆ. ಆಕೆಗೆ ಆ ಹೆಣ್ಣುಮಗಳು ಬಾಲ್ಯದಿಂದ ಗೊತ್ತು. ಆದರೂ ಆಕೆಯ ಅರಿವಿಗಿಂತ ಮೊಬೈಲಿನ ಅರಿವೇ ಮೇಲು ಎಂದಾಯಿತು.

ಉದ್ಯೋಗ ಖಾತರಿ ಕೂಲಿಕಾರರ ಹಾಜರಾತಿಗೆ ದಿನಕ್ಕೆ ಎರಡು ಬಾರಿ ಚಿತ್ರ ತೆಗೆಯುವ ಆ್ಯಪ್ 2023ರ ಜನವರಿಯಿಂದ ಎಲ್ಲ ಕಾಮಗಾರಿಗಳಿಗೂ ಕಡ್ಡಾಯವಾಗಿತ್ತು. ಅದು ಕೃತಕ ಬುದ್ಧಿಮತ್ತೆಯಲ್ಲದಿದ್ದರೂ ಅದರಿಂದ ಕಲಿಯುವ ಪಾಠ ದೊಡ್ಡದು. 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರಗಳನ್ನು, ಚಿತ್ರದ ಚಿತ್ರಗಳನ್ನು ಏರಿಸಿ ಹಾಜರಾತಿ ತೋರಿಸಲಾಗುತ್ತಿದೆ ಎಂದು ಒಪ್ಪಿಕೊಂಡಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಲ್ಲ ಚಿತ್ರಗಳನ್ನೂ ಮನುಷ್ಯರೇ ಪರಿಶೀಲಿಸಬೇಕೆಂದು ಆದೇಶಿಸಿತು. ಮನುಷ್ಯರ ಮೇಲಿನ ಅಪನಂಬಿಕೆಯಿಂದ ಯಂತ್ರವನ್ನು ತಂದದ್ದು. ಕೊನೆಗೆ ಯಂತ್ರವನ್ನು ಕಾಯಲು ಮತ್ತೆ ಮನುಷ್ಯರನ್ನೇ ಕೂರಿಸಿದ್ದು! ವಂಚಿಸುವವನು ದಾರಿ ಕಂಡುಕೊಂಡ. ಚಿತ್ರ ಏರದ ದಿನದ ಕೂಲಿ ಕಳೆದುಕೊಂಡವನು ಪ್ರಾಮಾಣಿಕ.

ಗದಗ ಅಂಧ ಸಂಗೀತಗಾರರಿಗೆ ಆಶ್ರಯವಿತ್ತ ಊರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಸ್ವರದ ಲೋಕವನ್ನು ಕಂಡಿದ್ದಾರೆ. ಇಂಥ ಊರಿಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ನೀಡಿದ ತೀರ್ಪು ವಿಶೇಷವಾಗಿ ಅರ್ಥಪೂರ್ಣ. ಗ್ರಾಹಕರನ್ನು ಗುರುತಿಸುವಾಗ ಅವರು ಜೀವಂತ ವ್ಯಕ್ತಿಯೆಂದು ಸಾಬೀತುಪಡಿಸಲು ಕ್ಯಾಮೆರಾ ಎದುರು ಕಣ್ಣು ಮಿಟುಕಿಸಬೇಕೆಂಬ ಪರೀಕ್ಷೆ, ಆ್ಯಸಿಡ್ ದಾಳಿಯ ಸಂತ್ರಸ್ತರನ್ನೂ ದೃಷ್ಟಿದೋಷವುಳ್ಳವರನ್ನೂ ಬ್ಯಾಂಕು, ಮೊಬೈಲ್ ಸೇವೆಗಳಿಂದ ಹೊರಗಿಡುತ್ತಿತ್ತು. ಡಿಜಿಟಲ್ ಸೌಲಭ್ಯ ಬದುಕುವ ಹಕ್ಕಿನ ಭಾಗವೆಂದ ನ್ಯಾಯಾಲಯ, ಪರ್ಯಾಯ ವಿಧಾನಗಳನ್ನು ಒದಗಿಸುವುದೂ ಸೇರಿ 20 ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸುವ ಪರೀಕ್ಷೆಯನ್ನು ರೂಪಿಸಿದವರಿಗೆ ಅಂಧರ ಮೇಲೆ ದ್ವೇಷವಿರಲಿಲ್ಲ. ಅವರ ಕೋಣೆಯಲ್ಲಿ ಒಬ್ಬ ಅಂಧನೂ ಇರಲಿಲ್ಲ, ಅಷ್ಟೇ ಇರಬೇಕು.

ಕಚೇರಿಯೊಳಗಿನ ಮೌನ

ಹೊರಗಿನವರಿಗೆ ಆಗುವ ತೊಂದರೆ ಒಂದು ಬಗೆಯದು. ಸಂಸ್ಥೆಯ ಒಳಗೇ ಆಗುವ ಸವೆತ ಇನ್ನೊಂದು ಬಗೆಯದು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯು 2024ರ ಡಿಸೆಂಬರಿನಲ್ಲಿ ತಾನೇ ನೀಡಿದ್ದ ಆದೇಶವೊಂದನ್ನು ಹಿಂಪಡೆಯಬೇಕಾಯಿತು; ಅದರಲ್ಲಿ ಉಲ್ಲೇಖಿಸಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ. ಕೆಲವೇ ತಿಂಗಳಲ್ಲಿ, ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಗಮನಿಸಿ ಕರ್ನಾಟಕ ಹೈಕೋರ್ಟ್ ವಿಚಾರಣೆಗೆ ಸೂಚಿಸಿತು. 2025ರ ಜುಲೈನಲ್ಲಿ, ನಟಿ ಬಿ. ಸರೋಜಾದೇವಿ ಅವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದ ಸಂತಾಪವನ್ನು ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಎಷ್ಟು ತಿರುಚಿತೆಂದರೆ, ಮುಖ್ಯಮಂತ್ರಿಯೇ ತೀರಿಕೊಂಡರೆಂಬ ಅರ್ಥ ಬಂತು. ಕಂಪನಿ ಕ್ಷಮೆ ಕೇಳಿತು. ಕ್ಷಮೆ ಕೇಳಿದ್ದು ಮುಖ್ಯಮಂತ್ರಿಯವರ ಕಚೇರಿ ಪತ್ರ ಬರೆದದ್ದರಿಂದ. ಶಿರಹಟ್ಟಿಯ ರೈತನ ಅರ್ಜಿಯನ್ನು ಯಂತ್ರ ತಪ್ಪಾಗಿ ಓದಿದರೆ ಪತ್ರ ಬರೆಯುವವರು ಯಾರು?

ಯಂತ್ರದ ಉತ್ತರ ಅಚ್ಚುಕಟ್ಟಾಗಿ, ಆತ್ಮವಿಶ್ವಾಸದಿಂದ ಬರುತ್ತದೆ. ಅದನ್ನು ಪ್ರಶ್ನಿಸಿದರೆ ವಿವರಣೆ ಕೊಡಬೇಕು. ಒಪ್ಪಿಕೊಂಡರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಯಾವ ಗುಮಾಸ್ತ ಸ್ವಂತ ವಿವೇಚನೆ ಬಳಸಿಯಾನು? ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂಬುದು ಸರ್ಕಾರಿ ಕಚೇರಿಗಳಲ್ಲಿ ಈಗಾಗಲೇ ಒಂದು ಆಡಳಿತಾತ್ಮಕ ತೀರ್ಪಾಗಿ ಹೋಗಿದೆ. ಬಳಸದ ವಿವೇಚನೆ, ಉಳದ ಹೊಲದಂತೆ ಬೀಳು ಬೀಳುತ್ತದೆ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳಲಾಗದು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಪಹಣಿಗಾಗಿ ತಲಾಠಿಯ ಮನೆ ಬಾಗಿಲು ಕಾಯುವ ಅವಮಾನದಿಂದ ರೈತರನ್ನು ಪಾರು ಮಾಡಿತು. ಯಂತ್ರಕ್ಕೆ ಲಂಚ ಗೊತ್ತಿಲ್ಲ, ಜಾತಿ ಗೊತ್ತಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಲಂಚ ಕೇಳಿದವನ ಹೆಸರು ನಮಗೆ ಗೊತ್ತಿತ್ತು. ತೆಲಂಗಾಣದಲ್ಲಿ ಗಣಕೀಕೃತ ವಿಶ್ಲೇಷಣೆಯ ಆಧಾರದಲ್ಲಿ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾದಾಗ ಆ ಕುಟುಂಬಗಳಿಗೆ ಎದುರಾಳಿ ಯಾರೆಂಬುದೇ ತಿಳಿಯಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಷ್ಟೇ ಮನೆಮನೆಗೆ ಹೋಗಿ ಮರುಪರಿಶೀಲಿಸುವ ಮಾತು ಬಂತು. ಶ್ರೀಮಂತ ನೆದರ್ಲೆಂಡ್ಸ್‌ನಲ್ಲೂ ಮಕ್ಕಳ ಪಾಲನಾ ಭತ್ಯೆ ಪಡೆದ ಸಾವಿರಾರು ಪಾಲಕರನ್ನು ವಂಚಕರೆಂದು ಹಣೆಪಟ್ಟಿ ಹಚ್ಚಿದ ಹಗರಣಕ್ಕೆ 2021ರ ಜನವರಿಯಲ್ಲಿ ಇಡೀ ಸಂಪುಟ ರಾಜೀನಾಮೆ ನೀಡಿತು. ಅಲ್ಲಿಯೂ ಅಪಾಯದ ಅಂಕ ಕೊಡುವ ತಂತ್ರಾಂಶದ ಪಾತ್ರವಿತ್ತು.

ಮಾಡಬೇಕಾದುದೇನು?

ಮೊದಲನೆಯದು, ಕಾರಣ ತಿಳಿಸುವುದು. ಬಾಧಿತ ವ್ಯಕ್ತಿಗೆ ಆಡಳಿತಾತ್ಮಕ ನಿರ್ಧಾರದ ಕಾರಣ ಕೊಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಈಗಾಗಲೇ ಹೇಳುತ್ತದೆ. ಯಂತ್ರ ನಿರ್ಧರಿಸಿತೆಂಬುದು ಕಾರಣವಲ್ಲ. ಯಾವ ದಾಖಲೆ, ಯಾವ ದಿನಾಂಕ, ಯಾವ ವ್ಯತ್ಯಾಸ ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ಕೊಡಬೇಕು. ಎರಡನೆಯದು, ಅಹವಾಲು ಕೇಳಿ ಮುಗಿಯುವವರೆಗೆ ಸೌಲಭ್ಯ ನಿಲ್ಲಬಾರದು. ಅನರ್ಹನೊಬ್ಬನಿಗೆ ಒಂದು ತಿಂಗಳು ಹೆಚ್ಚು ಅಕ್ಕಿ ಹೋಗುವುದರಿಂದ ಆಗುವ ನಷ್ಟವೂ ಅರ್ಹಳೊಬ್ಬಳ ಮನೆಯ ಒಲೆ ಒಂದು ತಿಂಗಳು ಆರುವುದರಿಂದ ಆಗುವ ನಷ್ಟವೂ ಒಂದೇ ತೂಕದವಲ್ಲ.

ಮೂರನೆಯದು, ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರವುಳ್ಳ, ಹೆಸರುಳ್ಳ ಒಬ್ಬ ಅಧಿಕಾರಿ ಪ್ರತಿ ತಾಲ್ಲೂಕಿನಲ್ಲೂ ಇರಬೇಕು. ಸಕಾರಣವಾಗಿ ತಳ್ಳಿಹಾಕಿದ್ದಕ್ಕೆ ಆತನಿಗೆ ಶಿಕ್ಷೆಯಾಗಬಾರದು. 2011ರ ಸಕಾಲ ಕಾಯ್ದೆ ಸೇವೆಗೆ ಗಡುವು ವಿಧಿಸಿದಂತೆ ಇಂಥ ದೂರುಗಳಿಗೂ ಗಡುವು ಬೇಕು. ನಾಲ್ಕನೆಯದು, ಎಷ್ಟು ನಕಲಿಗಳನ್ನು ಪತ್ತೆ ಮಾಡಿದೆವೆಂದು ಹೇಳಿಕೊಳ್ಳುವ ಇಲಾಖೆಗಳು, ಎಷ್ಟು ಅರ್ಹರನ್ನು ತಪ್ಪಾಗಿ ಹೊರಹಾಕಿದೆವೆಂಬುದನ್ನೂ ಪ್ರಕಟಿಸಬೇಕು. ಒಂದು ಕಣ್ಣಿನ ಲೆಕ್ಕ ಲೆಕ್ಕವಲ್ಲ. ಐದನೆಯದು, ಹೊಸ ವ್ಯವಸ್ಥೆ ಜಾರಿಯಾಗುವ ಮೊದಲು ಗ್ರಾಮಸಭೆಯಲ್ಲಿ ಅದರ ಚರ್ಚೆಯಾಗಬೇಕು. ಮೂರು ಬೆಳೆಯ ಹೊಲ ಹೇಗಿರುತ್ತದೆಂದು ತಿಳಿಯಲು ಸಂಶೋಧನೆಯೇ ಬೇಕಾಗಿಲ್ಲ; ಲಕ್ಷ್ಮೇಶ್ವರದ ಸುತ್ತಲಿನ ಯಾವ ರೈತನನ್ನು ಕೇಳಿದರೂ ಸಾಕು. ಒಂದು ಹಂಗಾಮಿನ ಕಾಲವಾದರೂ ಹಳೆಯ ಪದ್ಧತಿ ಹೊಸದರ ಜೊತೆಯಲ್ಲೇ ನಡೆದು, ಎರಡರ ಫಲಿತಾಂಶವೂ ಜನರ ಮುಂದೆ ಬರಲಿ.

ಇದಕ್ಕೆಲ್ಲ ಮಾದರಿಯನ್ನು ವಿದೇಶದಲ್ಲೇ ಹುಡುಕಬೇಕಾಗಿಲ್ಲ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದ ಸಂಸ್ಥೆ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಂದು ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಸಾಲಗಾರನ ಹೊಲ, ಮನೆ, ಕಷ್ಟ ಬಲ್ಲ ನೆರೆಯವರು. ಅವರಿಗೂ ಪೂರ್ವಗ್ರಹಗಳಿದ್ದಿರಬೇಕು. ಆದರೆ ಸದಸ್ಯನೊಬ್ಬ ಸಭೆಯಲ್ಲಿ ಎದ್ದು ನಿಂತು ‘ನನಗೇಕೆ ಕೊಡಲಿಲ್ಲ?’ ಎಂದು ಕೇಳಬಹುದಿತ್ತು. ಕೇಳಿದವನಿಗೆ ಉತ್ತರಿಸುವ ಹೊಣೆ ಎದುರಿಗೆ ಕುಳಿತವರ ಮೇಲಿತ್ತು. ಇಂದು ದೇಶದ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಗಣಕೀಕರಣಗೊಳ್ಳುತ್ತಿವೆ. ನಾಳೆ ಅಲ್ಲಿಯೂ ಸಾಲದ ಅರ್ಹತೆಯನ್ನು ಒಂದು ಅಂಕ ನಿರ್ಧರಿಸುವ ದಿನ ದೂರವಿರಲಾರದು. ಆ ಅಂಕ ಎಷ್ಟೇ ನಿಖರವಾಗಿರಲಿ, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಸದಸ್ಯನ ಹಕ್ಕಿಗೆ ಅದು ಬದಲಿಯಾಗಕೂಡದು. ಯಂತ್ರಗಳು ಬರಲಿ. ಅವುಗಳ ತೀರ್ಮಾನಕ್ಕೆ ಸಹಿ ಹಾಕುವ, ತಪ್ಪಾದಾಗ ತಲೆಬಾಗಿ ತಿದ್ದುವ ಮನುಷ್ಯರೂ ಮೇಜಿನ ಆಚೆಗೆ ಇರಲಿ.