ಗಣಕಯಂತ್ರ ಕೊಳ್ಳುವವರು ಪೆಟ್ಟಿಗೆಯನ್ನು ತೆರೆಸಿ ನೋಡಲಿ

ಗಣಕಯಂತ್ರವು ದೊಡ್ಡ ಕಚೇರಿಗಳ ಸ್ವತ್ತಾಗಿದ್ದ ಕಾಲ ಎಂದೋ ಕಳೆದುಹೋಯಿತು. ಮುಂಬಯಿ, ಪುಣೆ, ಚೆನ್ನೈ, ದಿಲ್ಲಿಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರು ಮಗನ ಡಿಪ್ಲೊಮಾ ವ್ಯಾಸಂಗಕ್ಕೆಂದೋ, ಮಗಳ ವಾಣಿಜ್ಯ ಪರೀಕ್ಷೆಗೆಂದೋ ತಿಂಗಳುಗಟ್ಟಲೆ ಉಳಿಸಿದ ಹಣವನ್ನು ಕಿಸೆಯಲ್ಲಿಟ್ಟುಕೊಂಡು ಲ್ಯಾಮಿಂಗ್ಟನ್ ರಸ್ತೆಗೋ, ರಿಚಿ ಸ್ಟ್ರೀಟಿಗೋ, ನೆಹರೂ ಪ್ಲೇಸಿಗೋ ಹೋಗುವುದು ಈಗ ಸಾಮಾನ್ಯ ನೋಟ. ಇದು ಸಂತೋಷದ ಸಂಗತಿಯೇ ಸರಿ. ಆದರೆ ರುಬ್ಬುವ ಯಂತ್ರವನ್ನು ಕೊಳ್ಳುವಾಗ ಮೋಟಾರಿನ ಅಶ್ವಶಕ್ತಿ ಎಷ್ಟು, ಕಲ್ಲು ಎಲ್ಲಿಯದು, ಬೆಲ್ಟು ಹರಿದರೆ ಬೇರೊಂದು ಸಿಕ್ಕೀತೇ ಎಂದು ನೂರು ಪ್ರಶ್ನೆ ಕೇಳುವ ಅದೇ ಜನರು ಗಣಕಯಂತ್ರದ ಅಂಗಡಿಯಲ್ಲಿ ಮಾತ್ರ ಮೂಕರಾಗಿ ನಿಲ್ಲುವುದೇಕೆ? ಸಿದ್ಧಪಡಿಸಿಟ್ಟ ಪೆಟ್ಟಿಗೆಯ ಮೇಲಿನ ಹೊಳಪನ್ನೂ ಬೆಲೆಯ ಚೀಟಿಯನ್ನೂ ನೋಡಿ ಹಣ ಎಣಿಸಿ ಬರುವ ಈ ಪರಿಪಾಠವು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಅಂಗಡಿಯವನು ಮೊದಲು ಆಡುವ ಮಾತು "ಐ-ಸೆವೆನ್ ಇದೆ, ಹದಿನಾರು ಜಿ.ಬಿ. ಇದೆ" ಎಂಬುದು. ಇದು ಸುಳ್ಳಲ್ಲ, ಆದರೆ ಅರ್ಧಸತ್ಯ. ಇಂಟೆಲ್ ಕಂಪೆನಿಯ ಐ-7 2600 ಎಂಬ ಪ್ರೊಸೆಸರು ಮಾರುಕಟ್ಟೆಗೆ ಬಂದುದು 2011ರಲ್ಲಿ. ಅದರಲ್ಲಿ ನಾಲ್ಕು ಕೋರುಗಳು. 2022ರಲ್ಲಿ ಬಂದ ಐ-3 12100ರಲ್ಲಿಯೂ ನಾಲ್ಕೇ ಕೋರುಗಳಿದ್ದರೂ ಕೆಲಸದ ವೇಗದಲ್ಲಿ ಅದು ಹಳೆಯ ಏಳನ್ನು ಬಹುದೂರ ಹಿಂದೆ ಹಾಕುತ್ತದೆ. ಏಳು, ಐದು, ಮೂರು ಎಂಬುವು ಒಂದೇ ಪೀಳಿಗೆಯೊಳಗಿನ ಅಂತಸ್ತುಗಳೇ ಹೊರತು ಪೀಳಿಗೆಗಳ ನಡುವಿನ ಅಳತೆಗೋಲಲ್ಲ. ಹಳೆಯ ಕಚೇರಿ ಯಂತ್ರಗಳಿಂದ ಕಳಚಿದ ಇಂತಹ ಪ್ರೊಸೆಸರುಗಳನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿ ಮಾರುವುದುಂಟು. ಆದುದರಿಂದ ಐದಂಕಿಯೋ ನಾಲ್ಕಂಕಿಯೋ ಆದ ಪೂರ್ಣ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು ಅವಶ್ಯ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರೂ ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವೂ ಇರಲೇಬೇಕು. ಹೀಗಿರುವಲ್ಲಿ, 2011ರ ಯಂತ್ರವನ್ನು ಇಂದು 'ಹೊಸದು' ಎಂದು ಮಾರುವುದು ನ್ಯಾಯವೆನಿಸದು.

ಮುಂದೆ ಬೇಕಾದಾಗ ಹೆಚ್ಚಿಸಿಕೊಳ್ಳಬಹುದು ಎಂಬ ಆಶ್ವಾಸನೆಯನ್ನೂ ಪರೀಕ್ಷಿಸದೆ ನಂಬಲಾಗದು. ಪ್ರೊಸೆಸರು ಕುಳಿತುಕೊಳ್ಳುವ ಸಾಕೆಟ್ಟಿನ ಹೆಸರು ಒಂದೇ ಆದರೂ ಸಾಲದು. 2015ರಲ್ಲಿ ಬಂದ 1151 ಎಂಬ ಸಾಕೆಟ್ಟು ಇಂಟೆಲ್‌ನ 6 ಮತ್ತು 7ನೆಯ ಪೀಳಿಗೆಗಳದು. 2017ರಲ್ಲಿ 8ನೆಯ ಪೀಳಿಗೆಯೂ ಅದೇ ಸಂಖ್ಯೆಯ ಸಾಕೆಟ್ಟಿನಲ್ಲಿಯೇ ಬಂದಿತಾದರೂ ಹಳೆಯ ಮದರ್‌ಬೋರ್ಡುಗಳು ಅದಕ್ಕೆ ಹೊಂದಲಿಲ್ಲ. ಮೆಮೊರಿಯ ವಿಷಯವೂ ಹಾಗೆಯೇ. ಡಿ.ಡಿ.ಆರ್.4 ಪಟ್ಟಿಯು ಡಿ.ಡಿ.ಆರ್.5ರ ಗೂಡಿಗೆ ಸೇರುವುದಿಲ್ಲ, ಕಚ್ಚಿನ ಸ್ಥಾನವೇ ಬೇರೆ. ಎರಡೇ ಗೂಡುಗಳಿರುವ ಬೋರ್ಡಿನಲ್ಲಿ ನಾಲ್ಕು ಜಿ.ಬಿ.ಯ ಎರಡು ಪಟ್ಟಿ ತುಂಬಿಸಿ ಕೊಟ್ಟರೆ, ನಾಳೆ ಹೆಚ್ಚಿಸುವಾಗ ಹಳೆಯದನ್ನು ಕಿತ್ತು ಹಾಕದೆ ಗತಿಯಿಲ್ಲ. ಒಂದು ಗೂಡಿನಲ್ಲಿ ಎಂಟು ಜಿ.ಬಿ. ಇರಿಸಿ ಇನ್ನೊಂದನ್ನು ಖಾಲಿ ಬಿಡಿಸಿಕೊಳ್ಳುವುದು, ವೇಗ ತುಸು ತಗ್ಗಿದರೂ, ನಮ್ಮಂತಹವರಿಗೆ ಹಿತ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಏರಿದ ಪರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೆಸರಾಂತ ಕಂಪೆನಿಗಳ ತೆಳ್ಳನೆಯ ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ಇವುಗಳಲ್ಲಿ ಅನೇಕವು ತಮ್ಮದೇ ಆಕಾರದ ಪವರ್ ಸಪ್ಲೈಯನ್ನೂ ತಮ್ಮದೇ ಅಳತೆಯ ಬೋರ್ಡನ್ನೂ ಹೊಂದಿರುತ್ತವೆ. 1995ರಲ್ಲಿ ಇಂಟೆಲ್ ರೂಪಿಸಿದ ಎ.ಟಿ.ಎಕ್ಸ್. ಎಂಬ ಸಾರ್ವತ್ರಿಕ ಅಳತೆಯ ಬಿಡಿಭಾಗಗಳು ಅವಕ್ಕೆ ಸೇರವು. ಲೆಕ್ಕ ಬರೆಯುವ, ಪತ್ರ ಟೈಪು ಮಾಡುವ ಗುಮಾಸ್ತನಿಗೆ ಇಂತಹ ಯಂತ್ರವೇ ಧಾರಾಳವಾಗಿ ಸಾಕು. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಮುಂದೆ ಗ್ರಾಫಿಕ್ಸ್ ಕಾರ್ಡು ಬೇಕಾಗುವ ವಿದ್ಯಾರ್ಥಿಗೆ ಮಾತ್ರ ಅದು ತಕ್ಕುದಲ್ಲ. ಮುಚ್ಚಿ ಮುದ್ರೆಯೊತ್ತಿದ ಹೊಸ ಯಂತ್ರವನ್ನು ತೆರೆಯಲು ಅಂಗಡಿಯವನು ಒಪ್ಪದಿರುವುದು ಸಹಜ. ಅಂತಹ ಕಂಪೆನಿಗಳು ಮಾದರಿಯ ಹೆಸರಿನೊಡನೆ ದುರಸ್ತಿ ಕೈಪಿಡಿಯನ್ನು ಅಂತರಜಾಲದಲ್ಲಿ ಇಟ್ಟಿರುವುದುಂಟು. ಅದನ್ನು ಹುಡುಗರಿಂದ ಓದಿಸಿಕೊಂಡು ಹೋಗಬಹುದು.

ಅಂಗಡಿಯವನೇ ಜೋಡಿಸಿಟ್ಟ ಪೆಟ್ಟಿಗೆಯಾದರೋ, ಬದಿಯ ಹಲಗೆಯನ್ನು ತೆಗೆಸಿಯೇ ನೋಡಬೇಕು. ಪವರ್ ಸಪ್ಲೈಯ ಮೇಲೆ ದೊಡ್ಡಕ್ಷರಗಳಲ್ಲಿ 450 ವ್ಯಾಟ್ ಎಂದಿರಬಹುದು. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರಿಗೆ ಎಷ್ಟು ಆಂಪಿಯರ್ ಎಂದಿದೆ ನೋಡಿರಿ. ಅಲ್ಲಿ 16 ಎಂದಿದ್ದರೆ ಹನ್ನೆರಡರಿಂದ ಗುಣಿಸಿದಾಗ ಬರುವುದು 192 ವ್ಯಾಟ್ ಮಾತ್ರ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಮುಖ್ಯವಾಗಿ ಉಣ್ಣುವುದು ಈ ತಟ್ಟೆಯಿಂದಲೇ.

ಇನ್ನು ತಂಪಿನ ವಿಚಾರ. ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೊಳಗಾಗಿರುವುದೂ, ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಬಾಧಕವಾಗುವುದೂ ಇದೇ. ಪೆಟ್ಟಿಗೆಯ ಮುಂಭಾಗದಿಂದ ತಣ್ಣನೆಯ ಗಾಳಿ ಒಳಬಂದು ಹಿಂಭಾಗದಿಂದ ಬಿಸಿಗಾಳಿ ಹೊರಹೋಗಬೇಕು. ಇಂದಿನ ಫ್ಯಾಷನ್ನಿನ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಮುಂಭಾಗದಲ್ಲಿ ಕಂಡಿಯಿಲ್ಲದ ಗಾಜು. ಅದರ ಹಿಂದೆ ಬಣ್ಣಬಣ್ಣದ ದೀಪದ ಫ್ಯಾನುಗಳು ಎಳೆಯಲು ಗಾಳಿಯೇ ಇಲ್ಲದೆ ತಿರುಗುತ್ತಿರುತ್ತವೆ. ದೀಪದ ಬಣ್ಣದಿಂದ ಲೆಕ್ಕ ಬೇಗನೆ ಮುಗಿದ ದೃಷ್ಟಾಂತವನ್ನು ನಾವರಿಯೆವು. ಪ್ರೊಸೆಸರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಹಣ ಕೊಟ್ಟು ಪಡೆದ ವೇಗವು ಹೀಗೆ ಬಿಸಿಯಲ್ಲಿ ಕರಗಿಹೋಗುತ್ತದೆ.

ಅಂಗಡಿಯಲ್ಲಿ ಅರ್ಧ ಗಂಟೆ ಭಾರವಾದ ಕೆಲಸ ಕೊಟ್ಟು, ಉಷ್ಣತೆ ತೋರಿಸುವ ಉಚಿತ ತಂತ್ರಾಂಶವೊಂದನ್ನು ತೆರೆಸಿ ನೋಡಿರಿ. ಆದರೆ ಅಂಗಡಿಯಲ್ಲಿ ಏರ್‌ಕಂಡೀಷನರ್ ಇರುತ್ತದೆಂಬುದನ್ನು ಮರೆಯಬಾರದು. ಅಲ್ಲಿ 24 ಡಿಗ್ರಿಯಿದ್ದು ನಿಮ್ಮ ಖೋಲಿಯಲ್ಲಿ ಮೇ ತಿಂಗಳಲ್ಲಿ 34 ಇದ್ದರೆ, ಯಂತ್ರದ ಒಳಗೂ ಹೆಚ್ಚುಕಡಿಮೆ ಅದೇ ಹತ್ತು ಡಿಗ್ರಿ ಏರುತ್ತದೆಂದು ಎಣಿಸಬೇಕು. ಅಂಗಡಿಯಲ್ಲಿ 75 ತೋರಿಸಿದ ಯಂತ್ರ ಮನೆಯಲ್ಲಿ ನೆಮ್ಮದಿಯಾಗಿರುತ್ತದೆ. 92 ತೋರಿಸಿದ್ದು ಇರಲಾರದು. ಮನೆಗೆ ತಂದ ಮೇಲೆ ಕಂಪ್ಯೂಟರ್ ಮೇಜಿನ ಮುಚ್ಚಿದ ಗೂಡಿನಲ್ಲಿ ತುರುಕಿ, ಬೆನ್ನನ್ನು ಗೋಡೆಗೆ ಒತ್ತಿ ಇರಿಸಿದರೆ ಅಂಗಡಿಯವನನ್ನು ದೂರುವಂತಿಲ್ಲ. ಹೋಟೆಲಿನ ಗಲ್ಲಾದಲ್ಲಿ ಬಿಲ್ಲಿಗಾಗಿ ಇಡುವ ಯಂತ್ರದ ಪಾಡು ಇನ್ನೂ ಬೇರೆ. ದೋಸೆ ಕಾವಲಿಯ ಎಣ್ಣೆಹೊಗೆ ತಂಪುಗಾರಿಯ ರೆಕ್ಕೆಗಳಿಗೆ ಅಂಟಿ, ಅದರ ಮೇಲೆ ಧೂಳು ಕುಳಿತು, ಕಂಬಳಿಯಂತಹ ಪದರವಾಗುತ್ತದೆ. ಕಳಚಿ ತೊಳೆಯಬಹುದಾದ ಧೂಳುಜಾಲರಿ ಮುಂಭಾಗದಲ್ಲಿ ಇರುವ ಪೆಟ್ಟಿಗೆಯನ್ನೇ ಅಲ್ಲಿಗೆ ಆರಿಸಬೇಕು. ಮಾಲೀಕರು ಅದನ್ನು ತಿಂಗಳಿಗೊಮ್ಮೆಯಾದರೂ ತೊಳೆಸಬೇಕು. ಈ ಕೆಲಸವನ್ನು ಗಲ್ಲಾದಲ್ಲಿ ಕುಳಿತವನ ತಲೆಗೆ ಕಟ್ಟಿ, ಯಂತ್ರ ನಿಧಾನವಾದಾಗ ಅವನನ್ನೇ ಗದರಿಸುವುದು ಸಲ್ಲದು.

ಕೊನೆಯದಾಗಿ ಬಿಲ್ಲು. "ಕಂಪ್ಯೂಟರ್ ಸೆಟ್ ಒಂದು" ಎಂದು ಬರೆದ ಬಿಲ್ಲಿನಿಂದ ಏನನ್ನೂ ರುಜುವಾತು ಮಾಡಲಾಗದು. ಪ್ರೊಸೆಸರು, ಬೋರ್ಡು, ಮೆಮೊರಿ, ಎಸ್.ಎಸ್.ಡಿ., ಪವರ್ ಸಪ್ಲೈ ಇವುಗಳ ಪೂರ್ಣ ಹೆಸರೂ ಕ್ರಮಸಂಖ್ಯೆಯೂ ಜಿ.ಎಸ್.ಟಿ. ಸಹಿತವಾದ ಬಿಲ್ಲಿನಲ್ಲಿ ಬರಬೇಕು. ತೆರಿಗೆ ಉಳಿಸುತ್ತೇವೆಂದು ಬಿಲ್ಲಿಲ್ಲದೆ ಕೊಡುವ ಉದಾರಿಗಳು ವಾರಂಟಿಯ ದಿನ ಗುರುತು ಹಿಡಿಯುವುದಿಲ್ಲ. ಊರಿನಲ್ಲಿ ಓದುತ್ತಿರುವ ಮಕ್ಕಳಿಗಾಗಿ ಯಂತ್ರವನ್ನು ಕುಂದಾಪುರಕ್ಕೋ ಕಾರ್ಕಳಕ್ಕೋ ಕಳುಹಿಸುವವರಿಗಂತೂ ಇದು ಇನ್ನೂ ಮುಖ್ಯ: ಬಿಡಿಭಾಗಗಳ ವಾರಂಟಿಯು ಅಲ್ಲಿಗೆ ಸಮೀಪದಲ್ಲಿ ದೊರೆಯುವುದೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಸ್ವಂತ ಉಪಯೋಗಕ್ಕೆ ಕೊಂಡವನು ಅಂಗಡಿ ಇರುವ ಊರಿನಲ್ಲಿಯೇ ಅಲ್ಲದೆ ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೂ ದೂರು ಕೊಡಬಹುದು. ಅದಕ್ಕೂ ಮೊದಲು 1915 ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ವಿಚಾರಿಸಬಹುದು. ಎರಡು ಕಡೆಯಲ್ಲಿಯೂ ಮೊದಲು ಬೇಕಾಗುವುದು ಆ ಬಿಲ್ಲೇ.