ಮತ್ತೆ ಕೂಡಿದವರು ಹೊಸದನ್ನು ಹಾಡಲಿ

ಒಡೆದುಹೋದ ಸಂಗೀತ ತಂಡವೊಂದು ವರ್ಷಗಳ ನಂತರ ಮತ್ತೆ ಕೂಡಿದರೆ ಅಭಿಮಾನಿಗಳು ಕೇಳುವುದು ಹಳೆಯ ಹಾಡುಗಳನ್ನೇ. ಸಭಾಂಗಣ ತುಂಬುವುದೂ ಅವುಗಳಿಂದಲೇ. ಹಾಗಿರುವಾಗ ಅವರು ಸ್ಟುಡಿಯೋ ಹೊಕ್ಕು ಹೊಸ ಆಲ್ಬಮ್ ಮಾಡುವ ಅಗತ್ಯವಾದರೂ ಏನು? ಅಗತ್ಯವಿದೆ. ಪ್ರೊಗ್ರೆಸಿವ್ ರಾಕ್ ತಂಡಕ್ಕಂತೂ ಅದು ಕರ್ತವ್ಯವೇ ಸರಿ ಎಂಬುದು ನನ್ನ ವಾದ.

ಮೂರು ನಿಮಿಷದ ಹಾಡಿನ ಕಟ್ಟುಪಾಡು ಮುರಿದು, ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ಬೇಕಾದ್ದನ್ನು ಪಡೆದು ಬೆಳೆದ ಪ್ರಕಾರ ಇದು. ನಿಂತಲ್ಲೇ ನಿಲ್ಲಬಾರದೆಂಬುದು ಅದರ ಹುಟ್ಟುಗುಣ. ಅಂಥ ತಂಡ ತನ್ನದೇ ಹಳೆಯ ಹಾಡುಗಳ ಕಾವಲಿಗೆ ಕೂತರೆ ತನ್ನ ಧರ್ಮಕ್ಕೇ ತಪ್ಪಿದಂತೆ.

ಇಂಗ್ಲೆಂಡಿನ ವ್ಯಾನ್ ಡರ್ ಗ್ರಾಫ್ ಜನರೇಟರ್ ತಂಡವನ್ನು ನೋಡಿ. ಪೀಟರ್ ಹ್ಯಾಮಿಲ್‌ರ ಗಾಯನ, ಕಾಲಿನ ಪೆಡಲ್‌ಗಳಲ್ಲೇ ಬೇಸ್ ನುಡಿಸುತ್ತ ಕೈಯಲ್ಲಿ ಆರ್ಗನ್ ನುಡಿಸುವ ಹ್ಯೂ ಬ್ಯಾಂಟನ್, ಎರಡು ಸ್ಯಾಕ್ಸೊಫೋನ್‌ಗಳನ್ನು ಒಟ್ಟಿಗೇ ಊದುವ ಡೇವಿಡ್ ಜಾಕ್ಸನ್, ಡ್ರಮ್ಸ್‌ನಲ್ಲಿ ಗೈ ಇವಾನ್ಸ್. ಈ ನಾಲ್ವರು ಸೇರಿ ಮಾಡಿದ ಸ್ಟುಡಿಯೋ ಆಲ್ಬಮ್ 1976ರ ನಂತರ ಬಂದಿರಲಿಲ್ಲ. 2003ರ ಡಿಸೆಂಬರ್‌ನಲ್ಲಿ ಹ್ಯಾಮಿಲ್‌ರಿಗೆ ಹೃದಯಾಘಾತವಾಯಿತು. ಎರಡೇ ತಿಂಗಳಲ್ಲಿ ನಾಲ್ವರೂ ಡೆವನ್‌ನ ಪೈವರ್ದಿ ಎಂಬ ಹಳ್ಳಿಯಲ್ಲಿ, ಪಾದ್ರಿಗಳ ಹಳೆಯ ಮನೆಯೊಂದರಲ್ಲಿ ಕೂತು ನುಡಿಸತೊಡಗಿದರು. ಅದರ ಫಲವೇ 2005ರ 'ಪ್ರೆಸೆಂಟ್'.

ಅದರಲ್ಲಿ ಎರಡು ಸಿಡಿಗಳಿವೆ. ಒಂದರಲ್ಲಿ ಆರು ರಚನೆಗಳು. ಇನ್ನೊಂದರ ತುಂಬ ಮನೋಧರ್ಮದ ವಾದನ. ಮೊದಲೇ ಬರೆದಿಟ್ಟುಕೊಂಡದ್ದು ಏನೂ ಇಲ್ಲ, ಒಬ್ಬರ ಸ್ವರ ಕೇಳಿ ಇನ್ನೊಬ್ಬರು ಅಲ್ಲೇ ಉತ್ತರಿಸಿದ್ದು. ಈ ಎರಡನೆಯ ಸಿಡಿಯೇ ನನಗೆ ಮುಖ್ಯ. ಒಬ್ಬರ ಮಾತಿಗೆ ಒಬ್ಬರು ಇನ್ನೂ ಕಿವಿಗೊಡಬಲ್ಲರೇ ಎಂಬುದು ಹಳೆಯ ಹಾಡು ನುಡಿಸಿದರೆ ತಿಳಿಯುವುದಿಲ್ಲ. ಬೆರಳುಗಳಿಗೆ ಅದು ರೂಢಿಯಾಗಿರುತ್ತದೆ.

ಹೊಸ ಆಲ್ಬಮ್ ಎಂದಮಾತ್ರಕ್ಕೆ ಎಲ್ಲವೂ ಒಪ್ಪತಕ್ಕದ್ದಲ್ಲ. 1991ರಲ್ಲಿ ಯೆಸ್ ತಂಡದ ಎರಡು ಬಣಗಳು ಒಂದಾಗಿ 'ಯೂನಿಯನ್' ತಂದವು. ತಂಡದಲ್ಲಿ ಎಂಟು ಮಂದಿ. ಎಂಟೂ ಜನ ಕೂಡಿ ನುಡಿಸಿದ ಒಂದೇ ಒಂದು ಹಾಡೂ ಅದರಲ್ಲಿಲ್ಲ. ಹಲವು ಭಾಗಗಳನ್ನು ಹೊರಗಿನ ವಾದಕರಿಂದ ನುಡಿಸಲಾಗಿತ್ತು. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಆ ಆಲ್ಬಮ್ ಬಗ್ಗೆ ತಮಗಿದ್ದ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿದರು. ಹೆಸರುಗಳು ಕೂಡಿದರೆ ಸಾಲದು, ಮನುಷ್ಯರು ಕೂಡಬೇಕು.

'ಹಳೆಯದರ ಎತ್ತರಕ್ಕೆ ಹೊಸದು ಏರದಿದ್ದರೆ?' ಎಂಬ ಆಕ್ಷೇಪ ನ್ಯಾಯವಾದದ್ದೇ. ವ್ಯಾನ್ ಡರ್ ಗ್ರಾಫ್ ಜನರೇಟರ್‌ನದೇ 1971ರ ಆಲ್ಬಮ್ 'ಪಾನ್ ಹಾರ್ಟ್ಸ್' ಪಕ್ಕದಲ್ಲಿಟ್ಟರೆ 'ಪ್ರೆಸೆಂಟ್' ತುಸು ಕೆಳಗೇ ನಿಲ್ಲುತ್ತದೆ. ಆದರೆ ಇಪ್ಪತ್ತರ ಹರೆಯದ ಆವೇಶವನ್ನು ಐವತ್ತು ದಾಟಿದವರಲ್ಲಿ ಹುಡುಕುವುದೇ ತಪ್ಪು. ಆ ವಯಸ್ಸಿಗೆ ಅದರದೇ ತಿಳಿವು, ಅದರದೇ ಆತಂಕಗಳಿರುತ್ತವೆ. ಅವು ಹಾಡಾಗಿ ಬರುವುದು ಬೇಡವೇ? ಜಾಕ್ಸನ್ ಹೊರನಡೆದ ಮೇಲೂ ಉಳಿದ ಮೂವರು ನಿಲ್ಲಲಿಲ್ಲ. 2008ರ 'ಟ್ರೈಸೆಕ್ಟರ್'ನಿಂದ 2016ರ 'ಡು ನಾಟ್ ಡಿಸ್ಟರ್ಬ್'ವರೆಗೆ ಹೊಸ ಆಲ್ಬಮ್‌ಗಳನ್ನು ಕೊಟ್ಟರು. ನೆನಪನ್ನಷ್ಟೇ ಮಾರಲು ಹೊರಟಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಕೇಳುಗರಿಗೂ ಇಲ್ಲಿ ಹೊಣೆಯಿದೆ. ನೆಚ್ಚಿನ ತಂಡ ಮತ್ತೆ ಕೂಡಿತೆಂದು ತಿಳಿದಾಗ ಹಳೆಯ ಹಾಡಿಗೆ ಕೂಗುವ ಮುನ್ನ ಅವರ ಹೊಸ ಆಲ್ಬಮನ್ನು ಒಮ್ಮೆ ಪೂರ್ತಿ, ಗಮನವಿಟ್ಟು ಕೇಳಿ. ಕಲಾವಿದರಿಗೆ ನಾವು ಕೊಡಬಹುದಾದ ನಿಜವಾದ ಗೌರವ ಅದು.